ಆದವಾನಿಯ ದಂಡವೃತ್ತಾಂತ

ತುಂಗಭದ್ರೆಯ ತೆಂಕಣಕ್ಕೆ, ಕರಿಯ ಎರೆಭೂಮಿ ಕಣ್ಣು ಹರಿಯುವವರೆಗೂ ಹಬ್ಬಿರುವಲ್ಲಿ, ಹೆಬ್ಬಂಡೆಗಳ ಬೆಟ್ಟಸಾಲೊಂದು ಎದ್ದು ನಿಂತಿದೆ. ಅದರ ಬಾರಾಕಿಲ್ಲಾ, ತಾಲಿಬಂಡೆ ಎಂಬ ನೆತ್ತಿಗಳು ಬಯಲಿನಿಂದ ಸುಮಾರು 800 ಅಡಿ ಎತ್ತರ. ಬುಡದಲ್ಲಿರುವ ಊರಿಗೆ ಸರಕಾರದ ಕಾಗದಪತ್ರದಲ್ಲಿ ಆದೋನಿ ಎಂಬ ಹೆಸರು. ಹಳೆಯ ಕನ್ನಡಿಗರ ಬಾಯಲ್ಲಿ ಅದು ಆದವಾನಿ. ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಪಡುವಣ ಅಂಚಿನ ಈ ಸೀಮೆಯಲ್ಲಿ ಆಲೂರು, ಹೊಳಗುಂದ, ಕೌತಾಳ, ಪತ್ತಿಕೊಂಡ, ಮಂತ್ರಾಲಯಗಳಿವೆ. ಕನ್ನಡ, ತೆಲುಗು, ದಖ್ಖನಿ ಮೂರೂ ಇಲ್ಲಿ ನೂರಾರು ವರ್ಷಗಳಿಂದ ಒಂದೇ ಸಂತೆಯಲ್ಲಿ ಚೌಕಾಸಿ ಮಾಡಿಕೊಂಡು ಬಂದಿವೆ. ವಿಜಯನಗರದ ರಾಯರು, ಬಿಜಾಪುರದ ಆದಿಲಶಾಹಿಗಳು, ದಿಲ್ಲಿಯ ಮೊಗಲರು, ಹೈದರಾಬಾದಿನ ನಿಜಾಮರು, ಶ್ರೀರಂಗಪಟ್ಟಣದ ಟಿಪ್ಪು, ಕಡೆಗೆ ಇಂಗ್ಲಿಷರ ಕಂಪನಿ ಈ ನೆಲವನ್ನು ಸರದಿಯ ಮೇಲೆ ಆಳಿದರು. ಬಂದವರೆಲ್ಲರ ಕೈಯಲ್ಲೂ ಒಂದೊಂದು ದಂಡವಿತ್ತು. ಯಾವ ದಂಡ ಏನು ಮಾಡಿತು, ಯಾವುದು ಉಳಿಯಿತು, ಯಾವುದು ಮುರಿಯಿತು ಎಂಬುದೇ ಈ ವೃತ್ತಾಂತ.

ಮೊದಲು ದಂಡದ ಕುಲಗೋತ್ರ ಕೇಳೋಣ. ಮಂತ್ರದಂಡವೆಂದೊಡನೆ ಇಂದಿನ ಮಕ್ಕಳ ಕಣ್ಣ ಮುಂದೆ ಬರುವುದು ತುದಿಯಲ್ಲಿ ನಕ್ಷತ್ರ ಹೊತ್ತ ಪುಟ್ಟ ಕೋಲು. ದೊಡ್ಡವರಿಗೆ ನೆನಪಾಗುವುದು ತನ್ನ ಹತ್ತಿರ ಮಂತ್ರದಂಡವೇನೂ ಇಲ್ಲವೆಂದು ಕೈ ತೊಳೆದುಕೊಳ್ಳುವ ರಾಜಕಾರಣಿ. ಆದರೆ ಈ ಜೋಡಿಪದದ ಎರಡು ಮಾತುಗಳೂ ಬಹಳ ಹಳೆಯವು, ಬಹಳ ಗಂಭೀರವಾದವು. ಮನ್ ಎಂಬುದು ಚಿಂತಿಸುವ ಧಾತು. ಅದಕ್ಕೆ ಸಾಧನವನ್ನು ಹೇಳುವ ಪ್ರತ್ಯಯ ಸೇರಿ ಮಂತ್ರವಾಯಿತು. ಮಂತ್ರಿಯೂ ಮಂತ್ರಾಲೋಚನೆಯೂ ಅದೇ ಬೇರಿನವು. ದಂಡ ಮೊದಲಿಗೆ ಬರಿಯ ಕೋಲು. ಕೋಲು ಹಿಡಿದವನು ಹೊಡೆಯಬಲ್ಲ. ಹಾಗಾಗಿ ಶಿಕ್ಷೆಗೂ ತಪ್ಪಿಗೆ ತೆರುವ ಹಣಕ್ಕೂ ದಂಡವೆಂದೇ ಹೆಸರಾಯಿತು. ಕೋಲು ಹಿಡಿದವರು ಹಲವರು ಕೂಡಿದರೆ ಸೇನೆ. ಅದರ ಒಡೆಯ ದಂಡನಾಯಕ. ಕೋಲಿನಿಂದ ನೆಲ ಅಳೆಯಬಹುದು; ಅರ್ಥಶಾಸ್ತ್ರದ ಲೆಕ್ಕದಲ್ಲಿ 96 ಅಂಗುಲಕ್ಕೆ ಒಂದು ದಂಡ. ಕನ್ನಡದ ಶಾಸನಗಳಲ್ಲಿ ದಾನದ ಹೊಲವನ್ನು ಗಳೆಯಿಂದ ಅಳೆದುಕೊಟ್ಟ ಮಾತು ಮತ್ತೆ ಮತ್ತೆ ಬರುತ್ತದೆ. ದೇವರ ಮುಂದೆ ಕೋಲಿನ ಹಾಗೆ ನೆಲಕ್ಕೆ ಒರಗಿದರೆ ದೀರ್ಘದಂಡ ನಮಸ್ಕಾರ. ಹೊಡೆಯುವುದು, ಅಳೆಯುವುದು, ಬಾಗುವುದು ಮೂರಕ್ಕೂ ಒಂದೇ ಶಬ್ದ.

ಕೋಲಿಗೆ ಅತಿಮಾನುಷ ಬಲವನ್ನು ಆರೋಪಿಸಿದ್ದು ನಮ್ಮವರು ಮಾತ್ರವೇ ಅಲ್ಲ. ಗ್ರೀಕರ ಹೋಮರನ ಕಾವ್ಯದಲ್ಲಿ ಕಿರ್ಕೆ ಎಂಬ ಮಾಯಾವಿನಿ ಕೋಲು ತಾಗಿಸಿ ನಾವಿಕರನ್ನು ಹಂದಿಗಳನ್ನಾಗಿಸುತ್ತಾಳೆ. ಯಹೂದ್ಯರ ಮೋಶೆ, ಮುಸಲ್ಮಾನರ ಮೂಸಾ, ಕೆಳಗೆಸೆದ ಕೋಲು ಹಾವಾಗುತ್ತದೆ. ನಮ್ಮ ರಾಮಾಯಣದ ಬಾಲಕಾಂಡದಲ್ಲಿ ವಿಶ್ವಾಮಿತ್ರ ರಾಜನಾಗಿದ್ದಾಗ ವಸಿಷ್ಠರ ಮೇಲೆ ಅಸ್ತ್ರಗಳ ಮಳೆಗರೆದ. ಋಷಿ ತನ್ನ ಬ್ರಹ್ಮದಂಡವನ್ನು ಎತ್ತಿ ಹಿಡಿದು ನಿಂತ. ಅಸ್ತ್ರಗಳೆಲ್ಲ ಆ ದಂಡದಲ್ಲಿ ಅಡಗಿಹೋದವು. ಕಿರ್ಕೆಯ ಕೋಲು ಮಂದಿಯ ರೂಪ ಕೆಡಿಸಿತು, ವಸಿಷ್ಠನ ಕೋಲು ಬಂದ ಏಟನ್ನು ನುಂಗಿಕೊಂಡಿತು. ಆದವಾನಿಯ ಕಥೆ ಓದುವಾಗ ಈ ಭೇದ ನೆನಪಿನಲ್ಲಿರಬೇಕು.

ಅರಸನ ದಂಡವೂ ಸನ್ಯಾಸಿಯ ದಂಡವೂ ಬೇರೆ ಬೇರೆ ಎಂಬುದನ್ನು ಹಿಂದಿನವರು ಚೆನ್ನಾಗಿ ಅರಿತಿದ್ದರು. ಶತಪಥ ಬ್ರಾಹ್ಮಣದಲ್ಲಿ ರಾಜಸೂಯದ ವಿವರ ಹೇಳುವಾಗ, ಪಟ್ಟಕ್ಕೇರುವ ಅರಸನ ಬೆನ್ನಿಗೆ ಋತ್ವಿಜರು ಮಾತಿಲ್ಲದೆ ಕೋಲುಗಳಿಂದ ತಟ್ಟುವ ವಿಧಿಯೊಂದಿದೆ. ಅಷ್ಟಾದ ಮೇಲೆ ಅವನು ಮತ್ತಾರ ದಂಡಕ್ಕೂ ಗುರಿಯಾಗನು. ಸನ್ಯಾಸಿಗೆ ಇಂಥ ವಿನಾಯಿತಿಯಿಲ್ಲ. ಮನುವಿನ ಪ್ರಕಾರ ಮಾತು, ಮನಸ್ಸು, ಮೈ ಮೂರನ್ನೂ ದಂಡಿಸಿಕೊಂಡವನೇ ತ್ರಿದಂಡಿ. ಅರಸನ ಕೋಲು ಪರರ ಮೇಲೆ ಬೀಳುತ್ತದೆ. ಯತಿಯ ಕೋಲು ಹಿಡಿದವನ ಮೇಲೆಯೇ ಬೀಳುತ್ತದೆ.

ಇನ್ನು ಆದವಾನಿಯ ಕೋಟೆಗೆ ಬರೋಣ. ರಾಯರ ಕಾಲದಲ್ಲಿ ಇದು ವಿಜಯನಗರದ ಬೆನ್ನೆಲುಬಿನ ಕೋಟೆಗಳಲ್ಲೊಂದು. ಬಿಜಾಪುರದಲ್ಲಿ ಕುಳಿತು ಚರಿತ್ರೆ ಬರೆದ ಫೆರಿಷ್ತಾ ಇದರ ಬೆಟ್ಟದ ಎತ್ತರ, ತಿಳಿನೀರಿನ ಕೊಳಗಳು, ಒಂದರೊಳಗೊಂದು ಸುತ್ತಿದ ಹನ್ನೊಂದು ಗೋಡೆಗಳನ್ನು ಬಣ್ಣಿಸಿದ್ದಾನೆ. ಆಪತ್ತು ಬಂದರೆ ಅರಮನೆಯ ಹೆಂಗಸರು ಮಕ್ಕಳಿಗೆ ಇದೇ ಆಸರೆಯೆಂದು ರಾಯರು ಒಬ್ಬರಾದ ಮೇಲೊಬ್ಬರು ಕೋಟೆಯನ್ನು ಬಲಪಡಿಸುತ್ತ ಬಂದರಂತೆ. 1565ರಲ್ಲಿ ಕೃಷ್ಣೆಯ ತೀರದ ಯುದ್ಧದಲ್ಲಿ ರಾಮರಾಯ ತಲೆ ಕೊಟ್ಟ, ಹಂಪೆ ಹಾಳಾಯಿತು. ಆಗಲೂ ಬಾಗಿಲು ಮುಚ್ಚಿಕೊಂಡು ನಿಂತಿದ್ದ ಆದವಾನಿ, 1568ರಲ್ಲಿ ಅಲಿ ಆದಿಲಶಾಹನ ಸೇನೆಯ ದೀರ್ಘ ಮುತ್ತಿಗೆಗೆ ಮಣಿಯಿತು. ಹನ್ನೊಂದು ಗೋಡೆಗಳ ಒಳಗೆ ಹಸಿವು ನುಗ್ಗಿದ ಮೇಲೆ ಯಾವ ಗೋಡೆಯೂ ಗೋಡೆಯಲ್ಲ.

ಆದಿಲಶಾಹಿಯ ಅಧಿಕಾರಿಗಳಲ್ಲಿ ಇಬ್ಬರ ಹೆಸರನ್ನು ಆದವಾನಿ ಮರೆತಿಲ್ಲ. ಮೊದಲನೆಯವನು ಮಲಿಕ್ ರಹಮಾನ್ ಖಾನ್. ತಾಲಿಬಂಡೆಯ ಮೇಲೆ ಅವನ ಗೋರಿಯಿದೆ. ಎರಡನೆಯವನು ಸಿದ್ದಿ ಮಸೂದ್ ಖಾನ್. ಸಿದ್ದಿಯೆಂದರೆ ಹಬಶಿ, ಆಫ್ರಿಕದ ಅಬಿಸೀನಿಯದ ಮೂಲದವನು. ಗುಲಾಮರಾಗಿ ಕಡಲು ದಾಟಿ ಬಂದವರು ದಖ್ಖನಿನಲ್ಲಿ ಸೇನಾಪತಿಗಳಾದದ್ದು, ಸಿಂಹಾಸನದ ಬೆನ್ನ ಹಿಂದೆ ನಿಂತು ರಾಜ್ಯ ನಡೆಸಿದ್ದು ಆ ಶತಮಾನದ ದೊಡ್ಡ ಸೋಜಿಗ. ಅಹಮದನಗರದ ಮಲಿಕ್ ಅಂಬರ್ ಆ ಸಾಲಿನ ಹಿರಿಯ. ಮಸೂದ್ ಖಾನ್ 1662ರ ಹೊತ್ತಿಗೆ ಆದವಾನಿಯ ಅಧಿಪತಿಯಾದ. ಅವನು ಕಟ್ಟಿಸಿದ ಜಾಮಿಯಾ ಮಸೀದಿ ಇಂದಿಗೂ ಊರಿನ ನಡುವೆ ನಿಂತಿದೆ. ಕಲ್ಲಿನ ಕಮಾನುಗಳ ಮೇಲಿನ ಆ ಕುಸುರಿಯನ್ನು ಕಂಡವರಿಗೆ, ಕಟ್ಟಿಸಿದವನು ಕತ್ತಿಯ ಜೊತೆಗೆ ಕಲೆಯನ್ನೂ ಬಲ್ಲವನೆಂದು ತಿಳಿಯುತ್ತದೆ. ಅಂದಿನ ದಖ್ಖನಿನ ದರ್ಬಾರುಗಳಲ್ಲಿ ಬೆಳ್ಳಿಯ ಬೆತ್ತ ಹಿಡಿದ ಚೋಪದಾರರು ಒಡೆಯನ ಬಿರುದು ಸಾರುತ್ತ ಮುಂದೆ ನಡೆಯುತ್ತಿದ್ದರು. ಬೆತ್ತ ಕಂಡೊಡನೆ ಜನ ಬದಿಗೆ ಸರಿಯಬೇಕು. ಅದೇ ಅಧಿಕಾರದ ಮಂತ್ರ.

ಇಂಥ ದರ್ಬಾರಿನ ಸೀಮೆಗೆ ಬಿದಿರಿನ ದಂಡ ಹಿಡಿದ ಯತಿಯೊಬ್ಬರು ಬಂದರು. 1595ರಲ್ಲಿ ತಮಿಳು ಸೀಮೆಯ ಭುವನಗಿರಿಯಲ್ಲಿ ಹುಟ್ಟಿದ ವೇಂಕಟನಾಥರು 1621ರಲ್ಲಿ ತಂಜಾವೂರಿನಲ್ಲಿ ಸುಧೀಂದ್ರ ತೀರ್ಥರಿಂದ ಸನ್ಯಾಸ ಪಡೆದು ರಾಘವೇಂದ್ರ ತೀರ್ಥರಾದರು. ಮಡದಿ ಮಗುವಿನ ಸಂಸಾರವಿದ್ದ ಬಡ ಪಂಡಿತ ಒಲ್ಲದ ಮನಸ್ಸಿನಿಂದಲೇ ದಂಡ ಕಮಂಡಲು ಹಿಡಿದದ್ದು ಎಂಬುದನ್ನು ಅವರ ಚರಿತ್ರಕಾರರು ಮುಚ್ಚಿಟ್ಟಿಲ್ಲ. ಮಾಧ್ವ ಯತಿಗಳದು ಏಕದಂಡ. ಅದರಲ್ಲಿ ಚಿನ್ನವಿಲ್ಲ, ಬೆಳ್ಳಿಯಿಲ್ಲ. ಮುಪ್ಪಿನಲ್ಲಿ ಅವರು ತುಂಗಭದ್ರೆಯ ಕಡೆಗೆ ಬಂದು, ಹೊಳೆಯಾಚೆಯ ಬಿಚ್ಚಾಲೆಯಲ್ಲಿ ಶಿಷ್ಯ ಅಪ್ಪಣ್ಣಾಚಾರ್ಯರ ಆತಿಥ್ಯ ಸ್ವೀಕರಿಸಿದರು.

ಆದವಾನಿಯ ನವಾಬ ಮಸೂದ್ ಖಾನನ ಬಾಗಿಲು ಅವರಿಗೆ ತೆರೆದದ್ದು ವೆಂಕಣ್ಣನೆಂಬ ದಿಕ್ಕಿಲ್ಲದ ಹುಡುಗನಿಂದ ಎಂದು ಮಠದ ಪರಂಪರೆ ಹೇಳುತ್ತದೆ. ದನ ಕಾಯುತ್ತಿದ್ದ ಆ ನಿರಕ್ಷರಿ ಗುರುಗಳ ಕಾಲಿಗೆ ಬಿದ್ದು ತನ್ನ ಪಾಡು ತೋಡಿಕೊಂಡ. ಕಷ್ಟ ಬಂದಾಗ ತಮ್ಮನ್ನು ನೆನೆ ಎಂದು ಗುರುಗಳು ಹರಸಿದರು. ಮುಂದೊಂದು ದಿನ ಆ ದಾರಿಯಲ್ಲಿ ಬಂದ ನವಾಬನ ಕೈಗೆ ಕಾಗದವೊಂದು ತಲುಪಿತು, ಓದುವವರಿಲ್ಲ. ಎದುರಿಗಿದ್ದ ವೆಂಕಣ್ಣನಿಗೆ ಓದೆಂದು ಗದರಿದ. ಗುರುವನ್ನು ನೆನೆದ ಹುಡುಗನಿಗೆ ಅಕ್ಷರ ಒಲಿಯಿತು. ಕಾಗದದಲ್ಲಿದ್ದದ್ದು ಶುಭವಾರ್ತೆ. ಹಿಗ್ಗಿದ ನವಾಬ ಅವನನ್ನು ಕರೆದೊಯ್ದ. ಕಾಲಕ್ರಮದಲ್ಲಿ ಅವನೇ ಆದವಾನಿಯ ದಿವಾನ ವೆಂಕಣ್ಣನಾದ.

ದಿವಾನನ ಗುರುಗಳೆಂದು ಕೇಳಿದ ಮಸೂದ್ ಖಾನ್ ಅವರನ್ನು ಪರೀಕ್ಷಿಸಬಯಸಿದನಂತೆ. ಬಟ್ಟೆ ಮುಚ್ಚಿದ ತಟ್ಟೆಯಲ್ಲಿ ಮಾಂಸವಿಟ್ಟು ಕಾಣಿಕೆಯೆಂದು ಒಪ್ಪಿಸಿದ. ಗುರುಗಳು ತೀರ್ಥ ಪ್ರೋಕ್ಷಿಸಿದರು. ಬಟ್ಟೆ ಸರಿಸಿದರೆ ತಟ್ಟೆಯ ತುಂಬ ಹೂವು ಹಣ್ಣು. ನವಾಬ ನಾಚಿ ತಲೆಬಾಗಿದ. ಇದೇ ಈ ಸೀಮೆಯ ಮಂತ್ರದಂಡದ ಕಥೆ. ಆದರೆ ಕಥೆ ಹೇಳುವವರು ಯಾರೂ ಗುರುಗಳು ದಂಡ ಎತ್ತಿದರೆಂದು ಹೇಳುವುದಿಲ್ಲ, ಅವಮಾನ ಮಾಡಿದವನನ್ನು ಶಪಿಸಿದರೆಂದೂ ಹೇಳುವುದಿಲ್ಲ. ಕೈಯಾಡಿಸಿದ್ದು ನೀರು, ದಂಡ ಇದ್ದಲ್ಲೇ ಇತ್ತು. ವಸಿಷ್ಠನಂತೆ ಇವರೂ ಬಂದ ಏಟನ್ನು ನುಂಗಿಕೊಂಡರು.

ಬೇಕಾದ ಊರು ಕೇಳಿರೆಂದ ನವಾಬನಲ್ಲಿ ಗುರುಗಳು ಕೇಳಿದ್ದು ಹೊಳೆದಂಡೆಯ ಮಂಚಾಲೆ. ಅದು ಬರಡು ನೆಲ, ಫಲವತ್ತಾದ ಬೇರೆ ಊರು ಕೊಡುತ್ತೇನೆಂದರೂ ಅವರು ಒಪ್ಪಲಿಲ್ಲ. ಪ್ರಹ್ಲಾದ ಯಜ್ಞ ಮಾಡಿದ ಸ್ಥಳವದು ಎಂಬುದು ನಂಬಿಕೆ. ಊರ ದೇವತೆ ಮಂಚಾಲಮ್ಮನ ಅನುಮತಿ ಪಡೆದೇ ಗುರುಗಳು ಅಲ್ಲಿ ನೆಲೆಗೊಂಡರು. ಇಂದಿಗೂ ಮೊದಲ ಪೂಜೆ ಅವಳಿಗೆ. ದಿವಾನ ವೆಂಕಣ್ಣನ ಉಸ್ತುವಾರಿಯಲ್ಲಿ ವೃಂದಾವನ ಸಿದ್ಧವಾಯಿತು. 1671ರ ಶ್ರಾವಣ ಬಹುಳ ಬಿದಿಗೆಯಂದು ರಾಘವೇಂದ್ರ ತೀರ್ಥರು ಅದನ್ನು ಪ್ರವೇಶಿಸಿದರು. ಮಂಚಾಲೆ ಜನರ ಬಾಯಲ್ಲಿ ಮಂತ್ರಾಲಯವಾಯಿತು.

ಅತ್ತ ಮಸೂದ್ ಖಾನನ ಭಾಗ್ಯವೂ ಏರಿತು. ಬಿಜಾಪುರದ ಸಿಂಹಾಸನದ ಮೇಲೆ ಸಿಕಂದರನೆಂಬ ಬಾಲಕನಿದ್ದ. ರಾಜ್ಯ ನಡೆಸುವ ಹೊಣೆ 1678ರಲ್ಲಿ ಆದವಾನಿಯ ಸಿದ್ದಿಯ ಹೆಗಲಿಗೆ ಬಿತ್ತು. ಬಡಗಣಿಂದ ಮೊಗಲರು, ಪಡುವಣಿಂದ ಮರಾಠರು, ಒಳಗಿನಿಂದ ಜಗಳಗಂಟ ಸರದಾರರು, ಬೊಕ್ಕಸ ಬರಿದು. ಐದು ವರ್ಷ ಹೆಣಗಿದ ಮಸೂದ್ ಖಾನ್ 1683ರಲ್ಲಿ ವಜೀರಿಕೆ ಬಿಟ್ಟು ಆದವಾನಿಗೆ ಮರಳಿದ. 1686ರಲ್ಲಿ ಬಿಜಾಪುರ ಔರಂಗಜೇಬನ ವಶವಾಯಿತು. ಮರುವರ್ಷ ಗೋಲ್ಕೊಂಡ ಬಿತ್ತು. 1688ರಲ್ಲಿ ಫಿರೋಜ್ ಜಂಗನ ಮೊಗಲ ಸೇನೆ ಆದವಾನಿಯನ್ನು ಸುತ್ತಿತು. ದೊರೆಯೂ ಇಲ್ಲದ, ರಾಜ್ಯವೂ ಇಲ್ಲದ ಮುದಿ ಹಬಶಿ ಕೋಟೆಯನ್ನು ಹಿಡಿದುಕೊಂಡು ನಿಂತ. ಕಡೆಗೆ ಶತ್ರುಗಳು ತೋಪುಗಳ ಬಾಯನ್ನು ಅವನ ಮಸೀದಿಯ ಕಡೆಗೆ ತಿರುಗಿಸಿದರೆಂದೂ, ಅದನ್ನು ಕಂಡ ಮಸೂದ್ ಖಾನ್ ಮಸೀದಿ ಉಳಿದರೆ ಸಾಕೆಂದು ಕೋಟೆ ಒಪ್ಪಿಸಿದನೆಂದೂ ಊರಿನ ಹೇಳಿಕೆ. ಗೆದ್ದವರು ಆದವಾನಿಗೆ ಇಮ್ತಿಯಾಜಗಢವೆಂದು ಹೊಸ ಹೆಸರಿಟ್ಟರು. ಹೆಸರು ನಿಲ್ಲಲಿಲ್ಲ, ಮಸೀದಿ ನಿಂತಿತು.

ಮೊಗಲರ ಬಲ ಕುಂದಿದ ಮೇಲೆ ಕೋಟೆ ನಿಜಾಮರ ಪಾಲಾಯಿತು. 18ನೇ ಶತಮಾನದ ನಡುವಿನಲ್ಲಿ ನಿಜಾಮನ ತಮ್ಮ ಬಸಾಲತ್ ಜಂಗ್ ಇದನ್ನು ಜಹಗೀರಾಗಿ ಪಡೆದು ರಾಜಧಾನಿ ಮಾಡಿಕೊಂಡ. 1782ರಲ್ಲಿ ತೀರಿಕೊಂಡ ಅವನ ಗೋರಿ ಊರಿನ ಪಡುವಣ ದಿಕ್ಕಿಗಿದೆ. ಇದೇ ಶತಮಾನದಲ್ಲಿ ದಾಸಶ್ರೇಷ್ಠ ವಿಜಯದಾಸರು ತಂಬೂರಿ ಹಿಡಿದು ಈ ಸೀಮೆಯಲ್ಲಿ ಓಡಾಡಿದರು. 1755ರಲ್ಲಿ ಅವರು ಕಣ್ಮುಚ್ಚಿದ ಚಿಪ್ಪಗಿರಿ ಆಲೂರಿನ ಮಗ್ಗುಲಲ್ಲೇ ಇದೆ. 1786ರಲ್ಲಿ ಟಿಪ್ಪು ಸುಲ್ತಾನ ಒಂದು ತಿಂಗಳ ಮುತ್ತಿಗೆ ಹಾಕಿ ಕೋಟೆ ಹಿಡಿದ. ಗೋಡೆಗಳನ್ನು ಕೆಡವಿಸಿ ತೋಪುಗಳನ್ನು ಸಾಗಿಸಿಕೊಂಡು ಹೋದ. ರಾಯರು ಪೇರಿಸಿದ್ದ ಹನ್ನೊಂದು ಗೋಡೆಗಳ ಕಥೆ ಅಲ್ಲಿಗೆ ಮುಗಿಯಿತು.

1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ದತ್ತಮಂಡಲವೆಂಬ ಹೆಸರು ಬಂತು. ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಪಾಳೆಯಗಾರರ ಕೋಲು ಕಸಿದು ರೈತನ ಹೆಸರಿಗೇ ಪಟ್ಟಾ ಬರೆಸುವ ಪದ್ಧತಿ ತಂದ. 1802ರಲ್ಲಿ ಅವನ ಮೋಜಣಿ ಆರಂಭವಾಯಿತು. ಹಳೆಯ ಗಳೆ, ಕೋಲುಗಳ ಜಾಗಕ್ಕೆ 33 ಅಡಿಯ ಸರಪಳಿ ಬಂತು. ಆ ಸರಪಳಿ ಉದ್ದಕ್ಕೊಂದು ಅಗಲಕ್ಕೊಂದು ಎಳೆದರೆ ಒಂದು ಗುಂಟೆ, ಅಂಥ 40 ಗುಂಟೆಗೆ ಒಂದು ಎಕರೆ ಎಂಬ ಲೆಕ್ಕವನ್ನು ನಮ್ಮ ರೈತರು ಈಗಲೂ ಹೇಳುತ್ತಾರೆ. ನೆಲವನ್ನು ಅಳೆಯುವಾಗ ಹಳೆಯ ಇನಾಮುಗಳ ವಿಚಾರಣೆಯೂ ಬಂತು, ಮಂಚಾಲೆಯ ಇನಾಮೂ ಅದರಲ್ಲಿತ್ತು. ಮನ್ರೋ ಪಾದರಕ್ಷೆ ಕಳಚಿ ವೃಂದಾವನದ ಮುಂದೆ ನಿಂತನೆಂದೂ, ಬೇರೆಯವರಿಗೆ ಕೇಳಿಸದ ಮಾತನ್ನು ಗುರುಗಳೊಡನೆ ಆಡಿ ಇನಾಮನ್ನು ಮುಂದುವರಿಸಿದನೆಂದೂ ಭಕ್ತರು ಹೇಳುತ್ತಾರೆ. ಮುಂದೆ ಮದರಾಸಿನ ಗವರ್ನರನಾದ ಅವನು ಊರಿಗೆ ಮರಳುವ ಮುನ್ನ ಒಮ್ಮೆ ಈ ಸೀಮೆ ನೋಡಬೇಕೆಂದು ಬಂದು, 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾಕ್ಕೆ ಬಲಿಯಾದ. ದತ್ತಮಂಡಲದ ಜನ ಮಕ್ಕಳಿಗೆ ಮಂಡ್ರೋಲಯ್ಯನೆಂದು ಹೆಸರಿಟ್ಟರು. ಪರದೇಶಿ ಅಧಿಕಾರಿಯೊಬ್ಬನ ಹೆಸರು ರೈತರ ತೊಟ್ಟಿಲಿಗೆ ಇಳಿದದ್ದು ಸಣ್ಣ ಮಾತಲ್ಲ.

ಅರಸರ ದಂಡ ಹೋಯಿತು, ಯತಿಯ ದಂಡ ವೃಂದಾವನವಾಯಿತು. ಉಳಿದದ್ದು ಜನರ ಕೈಯ ಕೋಲು. ಹೊಳಗುಂದದ ಬಳಿ ದೇವರಗಟ್ಟಿನ ಗುಡ್ಡದ ಮೇಲೆ ಮಾಳ ಮಲ್ಲೇಶ್ವರನ ಗುಡಿಯಿದೆ. ಮಣಿ, ಮಲ್ಲಾಸುರರೆಂಬ ರಕ್ಕಸರನ್ನು ಕೊಂದ ದೇವರು ಇವನು. ನಮ್ಮ ಮೈಲಾರನ ಕಥೆಯೂ ಇದೇ. ವಿಜಯದಶಮಿಯ ನಡುರಾತ್ರಿ ಇಲ್ಲಿ ಬನ್ನಿ ಉತ್ಸವ. ಹಬ್ಬದ ಹೆಸರೇ ಕನ್ನಡ. ನೆರಣಿಕಿ, ಕೊತ್ತಪೇಟೆಯ ಕಡೆಯವರು ಉತ್ಸವಮೂರ್ತಿಗೆ ಕಾವಲು. ಸುತ್ತಲಿನ ಬೇರೆ ಊರಿನವರು ಮೂರ್ತಿಯನ್ನು ತಮ್ಮ ಕಡೆಗೆ ಸೆಳೆಯಲು ನುಗ್ಗುತ್ತಾರೆ. ಪಂಜಿನ ಬೆಳಕಿನಲ್ಲಿ ಉದ್ದ ಕೋಲುಗಳು, ಕೆಲವಕ್ಕೆ ಕಬ್ಬಿಣದ ಬಳೆ, ಒಂದಕ್ಕೊಂದು ಬಡಿಯುತ್ತವೆ. ತಲೆ ಒಡೆದವರು ಭಂಡಾರ ಮೆತ್ತಿಕೊಂಡು ಮತ್ತೆ ಓಡುತ್ತಾರೆ. ಬೆಳಗಿನ ಜಾವ ಕಾರ್ಣಿಕ; ಮಳೆ ಬೆಳೆಯ ಭವಿಷ್ಯ ಕೇಳಿ ಜನ ಮನೆಗೆ ಹೊರಡುತ್ತಾರೆ. ವರ್ಷವರ್ಷವೂ ಪೊಲೀಸರು ಹಳ್ಳಿ ಹಳ್ಳಿಗೆ ಹೋಗಿ ಕೋಲು ಬೇಡವೆನ್ನುತ್ತಾರೆ. ವರ್ಷವರ್ಷವೂ ಗಾಯಾಳುಗಳು ಆಸ್ಪತ್ರೆ ಸೇರುತ್ತಾರೆ, ಪ್ರಾಣಗಳೂ ಹೋಗಿವೆ. ಇದನ್ನು ಭಕ್ತಿಯೆಂದು ಹೊಗಳಿ ಸುಮ್ಮನಾಗುವುದು ತಪ್ಪು. ಆಳಿದವರ ಕೋಲಿಗೆ ಬೆನ್ನು ಕೊಟ್ಟೇ ಬದುಕಿದ ನೆಲದ ರೈತ ವರ್ಷಕ್ಕೊಂದು ರಾತ್ರಿ ತಾನೇ ದಂಡನಾಯಕನಾಗಬಯಸಿದರೆ ಅದರ ಕಾರಣ ಅರ್ಥವಾಗುತ್ತದೆ. ಆದರೆ ಒಡೆಯುವುದು ಅವನಂಥದೇ ಇನ್ನೊಬ್ಬ ರೈತನ ತಲೆ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಅದುವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದ ಆದವಾನಿ, ಆಲೂರು ತಾಲೂಕುಗಳು ಕರ್ನೂಲಿಗೆ ಸೇರಿದವು. ಗಡಿಯ ಗೆರೆ ಎಳೆದವರ ಕೋಲಿಗೂ ತನ್ನದೇ ಬಲವಿತ್ತು. ಅಂದು ಕನ್ನಡದ ಅನೇಕ ಮನೆಗಳು ಗೆರೆಯ ಆಚೆ ಉಳಿದವು. ಹಾಗೆಂದು ದಾರಿಗಳು ಮುಚ್ಚಲಿಲ್ಲ. ಶ್ರಾವಣದಲ್ಲಿ ಉರುಕುಂದ ಈರಣ್ಣನ ಗುಡಿಗೂ, ಆರಾಧನೆಯಲ್ಲಿ ಮಂತ್ರಾಲಯಕ್ಕೂ ಕರ್ನಾಟಕದ ಜನ ಹೊಳೆ ದಾಟಿ ಹೋಗುತ್ತಲೇ ಇದ್ದಾರೆ.

ಈ ವೃತ್ತಾಂತದ ತೀರ್ಪು ಸರಳ. ಆದವಾನಿಯಲ್ಲಿ ಪರರನ್ನು ಬಗ್ಗಿಸಲು ಎತ್ತಿದ ಅರಸರ ದಂಡ ಯಾವುದೂ ಉಳಿಯಲಿಲ್ಲ. ಹಿಡಿದವನನ್ನೇ ಬಗ್ಗಿಸಿದ ದಂಡದ ನೆರಳಿನಲ್ಲಿ ಮೂರೂವರೆ ಶತಮಾನದ ಮೇಲೂ ಲಕ್ಷಾಂತರ ಜನ ಊಟ ಮಾಡಿ ಏಳುತ್ತಾರೆ. ತಟ್ಟೆಯ ಮಾಂಸ ಹೂವಾಯಿತೇ ಎಂದು ವಾದಿಸುವವರು ವಾದಿಸಲಿ. ಆಫ್ರಿಕದ ಮೂಲದ ಮುಸಲ್ಮಾನ ಸರದಾರನೊಬ್ಬ ತಮಿಳು ಸೀಮೆಯಲ್ಲಿ ಹುಟ್ಟಿದ ಮಾಧ್ವ ಯತಿಗೆ ಊರೊಂದನ್ನು ಬಿಟ್ಟುಕೊಟ್ಟದ್ದನ್ನೂ, ಅದು ಕನ್ನಡಿಗರ ಮನೆಮನೆಯ ಕ್ಷೇತ್ರವಾದದ್ದನ್ನೂ ಯಾರೂ ಅಲ್ಲಗಳೆಯುವುದಿಲ್ಲ. ಆದ್ದರಿಂದ ಮಂತ್ರಾಲಯಕ್ಕೆ ಹೋಗುವ ಓದುಗರಲ್ಲಿ ಒಂದು ಬಿನ್ನಹ. ವೃಂದಾವನದ ದರ್ಶನ ಮುಗಿಸಿ ಬಸ್ಸು ಹತ್ತುವ ಮುನ್ನ ಅರ್ಧ ದಿನ ಬಿಡುವು ಮಾಡಿಕೊಂಡು ಆದವಾನಿಗೂ ಹೋಗಿಬನ್ನಿ. ಸಿದ್ದಿ ಮಸೂದ್ ಖಾನನ ಮಸೀದಿಯ ಮುಂದೆ ನಿಂತು, ಮಂಚಾಲೆಯನ್ನು ಕೊಟ್ಟವನನ್ನೂ ಒಮ್ಮೆ ನೆನೆಯಿರಿ.